ಹತ್ತೊಂಬತ್ತನೇ ಚಾಕು ಮತ್ತು ಒಂದು ನಿಂಬೆಹಣ್ಣು

ಮನುಷ್ಯನಿಗೆ ಒಂದು ಚಾಕು ಇದ್ದರೆ ಆಯಿತು ಎಂದು ಹೇಳುವವರು ಚಾಕುವಿನ ವಿಷಯದಲ್ಲಿ ಏನೂ ತಿಳಿಯದವರು. ನನ್ನ ಹೆಂಡತಿ ಬಾಳವ್ವ ಹಾಗೆ ಹೇಳುತ್ತಿದ್ದಳು. ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ನಾನು ಕೆಲಸಕ್ಕಿದ್ದ ಅಂಗಡಿಯ ಧಣಿಯೂ ಹಾಗೆಯೇ ಹೇಳುತ್ತಿದ್ದರು. ರೈತರ ಗಾಡಿಯ ಮೇಲೆ ಬಂದ ಅಂಡಿಗೆಯ, ಅಂದರೆ ಅರಳೆ ಮೂಟೆಯ, ಹೊಲಿಗೆ ಕೊಯ್ದು, ಒಳಗಿನಿಂದ ಒಂದು ಹಿಡಿ ಅರಳೆ ಎಳೆದು, ಎಳೆ ಉದ್ದವೋ ಗಿಡ್ಡವೋ ನೋಡಿ ಹೇಳುವುದು ನನ್ನ ಕೆಲಸ. ಅದಕ್ಕೆ ಚಾಕು ಬೇಕೇ ಬೇಕು. ಒಂದು ಬೇಕು. ನಾನು ಹದಿನೆಂಟು ಇಟ್ಟುಕೊಂಡಿದ್ದೆ.

ಎಲ್ಲವೂ ಮಡಚುವ ಚಾಕುಗಳೇ. ಮಡಚದ ಚಾಕು ಅಡಿಗೆಮನೆಯದು, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ದಿನವೂ ಮನೆ ಬಿಡುವಾಗ ಐದು ಚಾಕು ಮೈಮೇಲೆ ಇರಬೇಕು. ಅಂಡಿಗೆ ಕೊಯ್ಯಲು ಒಂದು, ಸೌತೆಕಾಯಿಗೆ ಒಂದು, ಉಗುರಿಗೆ ಒಂದು, ಪೆನ್ಸಿಲ್ಲಿಗೆ ಒಂದು. ಐದನೆಯದು ಯಾವುದಕ್ಕೂ ಅಲ್ಲ, ತೋರಿಸಲಿಕ್ಕೆ.

ತೋರಿಸುವ ಜಾಗ ಕಮರಿಪೇಟೆಯಲ್ಲಿ ಮಕ್ತುಮಸಾಬನ ಅಂಗಡಿ. ಮಕ್ತುಮಸಾಬ ಕೀಲಿ, ಕತ್ತರಿ, ಚಾಕು ರಿಪೇರಿ ಮಾಡುವವನು. ಅವನ ಕೈಗೆ ಬಿದ್ದ ಕಬ್ಬಿಣ ಹೇಳಿದ ಮಾತು ಕೇಳುತ್ತಿತ್ತು. ದಿನಾ ಸಂಜೆ ಅಲ್ಲಿ ನನ್ನ ಎದುರಾಳಿ, ಕನ್ನಡ ಸಾಲೆಯ ಚನ್ನಯ್ಯ ಮಾಸ್ತರ, ಬಂದು ಕೂಡುತ್ತಿದ್ದರು. ಅವರಿಗೆ ನಾಲ್ಕು ಗಂಡುಮಕ್ಕಳು, ಹದಿನೈದು ಚಾಕುಗಳು. ನಾವಿಬ್ಬರೂ ಒಂದೊಂದು ಚಾಕು ತೆಗೆದು ಮಕ್ತುಮಸಾಬನ ಮುಂದೆ ಇಡುವುದು, ಅವನು ಪರೀಕ್ಷೆ ಮಾಡುವುದು. ಮೊದಲನೆಯದು ಹರಿತದ ಪರೀಕ್ಷೆ, ಮುಂಗೈ ಕೂದಲು ಬೋಳಿಸಿ ನೋಡುವುದು. ಹೀಗಾಗಿ ನನ್ನ ಎಡಗೈ ಮೇಲೆ ಕೂದಲು ಎಂಬುದು ವರ್ಷಗಟ್ಟಲೆ ಉಳಿದಿರಲಿಲ್ಲ. ಎರಡನೆಯದು ಸ್ಪ್ರಿಂಗಿನ ಪರೀಕ್ಷೆ. ಅಲಗನ್ನು ಅರ್ಧ ಬಿಚ್ಚಿ ಬೆರಳು ತೆಗೆದರೆ ಅದು ಯಾರ ಹಂಗೂ ಇಲ್ಲದೆ ತಾನಾಗಿ 'ಟಕ್' ಎಂದು ಮಡಚಿಕೊಳ್ಳಬೇಕು. ಮಕ್ತುಮಸಾಬ ಕಣ್ಣು ಮುಚ್ಚಿ ಆ 'ಟಕ್' ಕೇಳಿ ತೀರ್ಪು ಕೊಡುತ್ತಿದ್ದ. ಗೆದ್ದ ದಿನ ನಾನು ಎದ್ದು ನಿಂತು, "ಇಂಥಾದ್ದು ಮಾಸ್ತರ ಕಡೆ ಇಲ್ಲ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಮನೆಗೆ ಹೋಗುತ್ತಿದ್ದೆ. ಆ ದಿನ ರೊಟ್ಟಿ ಎರಡು ಹೆಚ್ಚಿಗೆ ಇಳಿಯುತ್ತಿದ್ದವು.

ಬಾಳವ್ವನಿಗೆ ಗೊತ್ತಿದ್ದದ್ದು ಹನ್ನೊಂದು ಚಾಕು. ಉಳಿದ ಏಳನ್ನು ನಾನು ಬೇರೆ ಬೇರೆ ಕಡೆ ಬಚ್ಚಿಟ್ಟಿದ್ದೆ. ಮೂರನೇ ಬಾಣಂತನಕ್ಕೆ ಶಿರಗುಪ್ಪಿಯ ತವರಿಗೆ ಹೊರಟಾಗ ಅವಳು ಇಬ್ಬರು ಹೆಣ್ಣುಮಕ್ಕಳನ್ನೂ ಗಾಡಿ ಹತ್ತಿಸಿ, ತಾನು ಹತ್ತುವ ಮೊದಲು ತಿರುಗಿ ನಿಂತು ಹೇಳಿದಳು:

"ಹನ್ನೊಂದಕ್ಕ ನಿಂದ್ರಸ್ರಿ. ಇನ್ನೊಂದ ಚಾಕು ಈ ಹೊಸ್ತಲಾ ದಾಟಿತಂದ್ರ ನಾ ದಾಟೂದಿಲ್ಲ."

"ದೇವರಾಣಿ ತರೂದಿಲ್ಲ," ಎಂದೆ. ಆಗ ಹನ್ನೆರಡನೆಯದು ನನ್ನ ತಲೆಯ ರುಮಾಲಿನ ಮಡಿಕೆಯಲ್ಲಿತ್ತು.

ಮೂರನೆಯದೂ ಹೆಣ್ಣು ಎಂಬ ಸುದ್ದಿ ಶಿರಗುಪ್ಪಿಯ ಅರಳೆ ಗಾಡಿಯ ಮೇಲೆ ಬಂತು. ನನಗೇನೂ ಬೇಸರವಾಗಲಿಲ್ಲ. ಬೇಸರವಾದದ್ದು ನಮ್ಮ ಹಳೇ ಹುಬ್ಬಳ್ಳಿಯ ಓಣಿಗೆ. ಅದರಲ್ಲೂ ಪಕ್ಕದ ಮನೆಯ ಉಡಚವ್ವನಿಗೆ. ಆ ದಿನವೇ ಅವಳು ಬಂದು ನಮ್ಮ ಕಟ್ಟೆಯ ಮೇಲೆ ಕೂತಳು.

"ಮತ್ತ ಹೆಣ್ಣ ಆತಂತಲ್ಲೋ ಸಿದ್ದಪ್ಪಾ. ವಂಶಕ್ಕೊಂದ ಗಂಡ ಬ್ಯಾಡೇನು? ಸುಳ್ಳ ಊರಾಗ ನಮ್ಮ ಬೀಗರ ಪೈಕಿ ಒಂದ ಹುಡಿಗಿ ಐತಿ. ಮಾತ ತಗೀಲೇನು?"

ನಾನು ಆಗ ಒಂದೇ ಸೌತೆಕಾಯಿಯನ್ನು ಎರಡು ಚಾಕುವಿನಿಂದ ಕೊಯ್ದು ಯಾವುದರ ಹೋಳು ತೆಳ್ಳಗಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಂಥ ಹೊತ್ತಿನಲ್ಲಿ ನನ್ನ ಮನೆಗೆ ಬೆಂಕಿ ಬಿದ್ದಿದೆ ಎಂದರೂ ನಾನು "ಹೂಂ" ಎನ್ನುವವನೇ. "ಹೂಂ" ಎಂದೆ. ಉಡಚವ್ವ ಎದ್ದು ಹೋದಳು.

ಮುಂದಿನ ಐತವಾರ ಶಿರಗುಪ್ಪಿಗೆ ಕೂಸು ನೋಡಲು ಬರುತ್ತೇನೆಂದು ಹೇಳಿ ಕಳಿಸಿದ್ದೆ. ಅದೇ ಐತವಾರ ರೈಲ್ವೆ ಬಂಗಲೆಯ ಒಬ್ಬ ಸಾಹೇಬ ನೌಕರಿ ಮುಗಿಸಿ ವಿಲಾಯತಿಗೆ ಹೊರಟಿದ್ದ. ಅವನ ಕುರ್ಚಿ, ಕಪಾಟು, ಗಡಿಯಾರ, ಪಂಜರ ಎಲ್ಲಾ ಲಿಲಾವು, ಹೆಚ್ಚು ಬೆಲೆ ಕೂಗಿದವನಿಗೆ. ಆ ಸಾಮಾನುಗಳ ನಡುವೆ ಒಂದು ಚಾಕುವೂ ಇದೆಯೆಂದು ಮಾಸ್ತರರ ಬಾಯಿಂದ ಬಿತ್ತು. ಸಾರಂಗದ ಕೊಂಬಿನ ಹಿಡಿಕೆ, ಒಂದು ಗೇಣು ಅಲಗು, ಶೆಫೀಲ್ಡ್ ಊರಿನ ಉಕ್ಕು. ಮಾಸ್ತರ ಹೋಗುವುದಾದರೆ ನಾನು ಹೋಗದಿರುವುದು ಹೇಗೆ? ಕೂಸು ಎಲ್ಲಿಗೂ ಹೋಗುವುದಿಲ್ಲ, ಸಾಹೇಬ ಹೋಗುತ್ತಾನೆ. ಹೀಗೆ ಯೋಚಿಸಿ, "ಅಂಗಡಿಯಲ್ಲಿ ಬಹಳ ಕೆಲಸ," ಎಂದು ಒಬ್ಬ ಗಾಡಿಯವನ ಕೈಲಿ ಹೇಳಿ ಕಳಿಸಿದೆ. ಐತವಾರ ಅರಳೆ ಪೇಟೆ ಮುಚ್ಚಿರುತ್ತದೆ ಎಂಬುದು ಶಿರಗುಪ್ಪಿಯ ದನಗಳಿಗೂ ಗೊತ್ತಿತ್ತು. ಅದು ನನಗೆ ಹೊಳೆಯಲಿಲ್ಲ.

ಚಾಕು ನನಗೇ ಆಯಿತು. ಮಾಸ್ತರರ ಮುಖ ನೋಡಿ ಎದೆ ತುಂಬಿ ಬಂತು. ಮನೆಗೆ ಬಂದು ಬಾಗಿಲು ಹಾಕಿ ಅಲಗು ಬಿಚ್ಚಿದೆ. ಬಿಚ್ಚಿತು. ಪರೀಕ್ಷೆಗೆ ಮುಂಗೈಯಲ್ಲಿ ಕೂದಲಿಲ್ಲವಲ್ಲ, ಕನ್ನಡಿ ಹಿಡಿದು ಎಡಗೆನ್ನೆಯ ಮೇಲೆ ಎಳೆದೆ. ಹರಿತ ಅಪ್ಪಟವಾಗಿತ್ತು, ಕೂದಲಿನ ಜೊತೆಗೆ ಕೆನ್ನೆಯೂ ಬಂತು. ನೆತ್ತರು ನೋಡಿ ಗಾಬರಿಯಾಗಿ ಚಾಕು ಮಡಚಲು ಹೋದರೆ ಅದು ಮಡಚಲೊಲ್ಲದು. ಒತ್ತಿದೆ, ತಿರುವಿದೆ, ಮೊಣಕಾಲ ಸಂದಿಯಲ್ಲಿ ಹಿಡಿದು ನೂಕಿದೆ. ಬಲಗೈ ಮಣಿಕಟ್ಟಿಗೂ ತಾಗಿತು. ಅಡಿಗೆಮನೆಗೆ ಓಡಿ ಅರಿಷಿಣದ ಡಬ್ಬಿಗೆ ಕೈ ಹಾಕಿ, ಕೆನ್ನೆಗೆ ಮೆತ್ತಿಕೊಂಡೆ, ಮಣಿಕಟ್ಟಿಗೆ ಅರಿಷಿಣದ ಅರಿವೆ ಕಟ್ಟಿಕೊಂಡೆ.

ಮರುದಿನ ಸೋಮವಾರ. ಬೆಳಿಗ್ಗೆ ಕನ್ನಡಿ ನೋಡಿದರೆ ಒಂದು ಕೆನ್ನೆ ಹಳದಿ, ಒಂದು ಕೆನ್ನೆ ಕಪ್ಪು. ಹೀಗೆ ಹೋದರೆ ಜನ ನಗುತ್ತಾರೆ ಎಂದು ಇನ್ನೊಂದು ಕೆನ್ನೆಗೂ ಅರಿಷಿಣ ಹಚ್ಚಿ ಸರಿ ಮಾಡಿದೆ. ಸೋಮವಾರ ನಾನು ಮಡಿ ಧೋತರ ಉಡುವವನು. ಅದರ ಮೇಲೆ, ಶೆಫೀಲ್ಡ್ ಚಾಕು ಮಕ್ತುಮಸಾಬನ ಅಂಗಡಿಗೆ ಹೋಗುವ ದಿನ ಎಂದು ಜರಿ ಅಂಚಿನ ರುಮಾಲು ಸುತ್ತಿದೆ.

ಇನ್ನು ಚಾಕು ಒಯ್ಯುವುದು ಹೇಗೆ? ಕಿಸೆಗೆ ಹಾಕಿದೆ, ಕಿಸೆ ಹರಿಯಿತು. ಅರಿವೆಯಲ್ಲಿ ಸುತ್ತಿದೆ, ಅರಿವೆಯೂ ಹರಿಯಿತು. ಬಿಚ್ಚಿದ ಚಾಕು ಕೈಯಲ್ಲಿ ಹಿಡಿದು ಪೇಟೆಯಲ್ಲಿ ನಡೆದರೆ ಪೋಲೀಸರು ಬಿಡುವುದಿಲ್ಲ. ಆಗ ನನ್ನ ಬುದ್ಧಿ ಓಡಿತು. ಅದು ಅಪರೂಪಕ್ಕೆ ಓಡುತ್ತದೆ, ಓಡಿದಾಗಲೆಲ್ಲ ನನ್ನನ್ನು ಹಾಳುಬಾವಿಗೆ ಕೆಡವುತ್ತದೆ. ಅಲಗಿನ ತುದಿಗೆ ಏನಾದರೂ ಚುಚ್ಚಿಬಿಟ್ಟರೆ ಯಾರಿಗೂ ಅಪಾಯವಿಲ್ಲ. ಆಲೂಗಡ್ಡೆ ಚುಚ್ಚಿದರೆ ನೋಡಲು ಚೆನ್ನಾಗಿರುವುದಿಲ್ಲ. ನಿಂಬೆಹಣ್ಣಾದರೆ ಅದರ ಹುಳಿಗೆ ತುಕ್ಕೂ ಬಿಡುತ್ತದೆ. ಒಂದು ದುಂಡನೆಯ ನಿಂಬೆಹಣ್ಣು ಆರಿಸಿ ತುದಿಗೆ ಚುಚ್ಚಿ, ಚಾಕು ಎದೆಯ ಮುಂದೆ ನೆಟ್ಟಗೆ ಹಿಡಿದು ಹೊರಬಿದ್ದೆ.

ಉಡಚವ್ವ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ನನ್ನನ್ನು ನೋಡಿ ತಂಬಿಗೆ ಕೆಳಗಿಟ್ಟಳು.

"ಅಯ್ಯ ನಮ್ಮವ್ವಾ! ಇಷ್ಟ ಲಗೂನ?"

"ಲಗೂ ಹೋಗಬೇಕಬೇ, ಅಂಗಡಿ ತಗಿಯೂದ್ರಾಗ ಮುಗಿಸಿಕೊಂಡ ಬರಬೇಕು."

"ಬಾಳವ್ವಗ ಗೊತ್ತೈತೇನೋ?"

ಹೊಸ ಚಾಕುವಿನ ಮಾತು ಶಿರಗುಪ್ಪಿಗೆ ಮುಟ್ಟಿದರೆ ಗತಿಯೇನೆಂದು ದನಿ ತಗ್ಗಿಸಿದೆ. "ಹೇಳಬ್ಯಾಡ್ರಿ. ಆಕಿ ಬರೂದ್ರಾಗ ನಾನ ಹೆಂಗರ ಮಾಡಿ ಒಳಗ ಸೇರಿಸಿಬಿಡ್ತೇನಿ. ಆಮ್ಯಾಲ ತಾನ ಹೊಂದಿಕೊಳ್ತಾಳ."

ಉಡಚವ್ವ ಎರಡು ಕೈಯಿಂದ ನನ್ನ ಮುಖ ನೀವಿ, ಬೆರಳು ನೆಟಿಕೆ ಮುರಿದಳು. ಚಾಕುವಿಗೆ ದೃಷ್ಟಿ ತೆಗೆಯುವ ಹೆಂಗಸು ಓಣಿಯಲ್ಲಿ ಇದ್ದಾಳಲ್ಲ ಎಂದು ನನಗೆ ಸಂತೋಷವಾಯಿತು.

ಆ ದಿನ ಹುಬ್ಬಳ್ಳಿ ನನಗೆ ಬೇರೆಯೇ ಊರಾಗಿ ಕಂಡಿತು. ಟಾಂಗಾದವರು ದಾರಿ ಬಿಟ್ಟರು. ಹೂವಿನ ಅಂಗಡಿಯವನು ಓಡಿ ಬಂದು ಕೊರಳಿಗೆ ಒಂದು ಸೇವಂತಿಗೆ ಮಾಲೆ ಹಾಕಿ, "ನಮ್ಮ ಕಡಿಂದ ಇರಲಿ," ಎಂದ. ಒಳ್ಳೆಯ ಉಕ್ಕಿಗೆ ಮರ್ಯಾದೆ ಕೊಡುವ ಊರು ಇದು ಎಂದುಕೊಂಡೆ. ದುರ್ಗದ ಬೈಲಿಗೆ ಬರುವಷ್ಟರಲ್ಲಿ ಒಬ್ಬ ಹವಾಲ್ದಾರ ಹಿಂದಿನಿಂದ ಗುಡುಗಿದ.

"ಏಯ್, ನಿಂದ್ರ! ಹಾಡಹಗಲ ಚೂರಿ ಹಿಡಕೊಂಡ ಎಲ್ಲಿ ಹೊಂಟಿ?"

ನಾನು ತಿರುಗಿದೆ. ಹವಾಲ್ದಾರ ನಿಂಬೆಹಣ್ಣು ನೋಡಿದ, ನನ್ನ ಮುಖ ನೋಡಿದ, ಮಣಿಕಟ್ಟು ನೋಡಿದ. ಅವನ ಮೀಸೆ ತಾನಾಗಿ ಕೆಳಗಿಳಿಯಿತು.

"ತಪ್ಪಾತ್ರಿ, ತಪ್ಪಾತ್ರಿ. ಹಿಂದಿನಿಂದ ಕಾಣಲಿಲ್ಲ. ಆದ್ರ ಹಿಂಗ ಒಬ್ಬರ ಹೊಂಟೀರಲ್ಲ? ಇಂಥಾ ಹೊತ್ತಿನ್ಯಾಗ ಒಬ್ಬರ ತಿರುಗಬಾರದ್ರಿ. ಏ, ಯಾರರ ನಾಕ ಮಂದಿ ಇವರ ಸಂಗಾಟ ಹೋಗ್ರಿ!"

ನಾಲ್ಕು ಮಂದಿ ಕೇಳಿದ, ನಲವತ್ತು ಮಂದಿ ಬಂದರು. ಅವರ ಹಿಂದೆ ಬ್ಯಾಂಡಿನ ಯಾಕೂಬಸಾಬ ಎದ್ದ. ಅವನ ಬ್ಯಾಂಡಿನವರು ದಿನಾ ಬೆಳಿಗ್ಗೆ ಅಲ್ಲೇ ಗೋಡೆಗೆ ಡೋಲು ಆನಿಸಿ ಕೆಲಸ ಬರಲೆಂದು ಕಾಯುತ್ತಿದ್ದರು. ಕ್ಲಾರ್ನೆಟ್ಟು ಒಮ್ಮೆ ಕೂಗಿತು, ಡೋಲು ಬಿತ್ತು, ಪೂರ್ತಿ ಬ್ಯಾಂಡು ಶುರುವಾಯಿತು.

ನನ್ನ ಹಿಂದೆ ಯಾರದೋ ಮದುವೆಯ ಮೆರವಣಿಗೆ ಬರುತ್ತಿದೆ ಎಂದು ನಾನು ತಿಳಿದೆ. ಅಂಥವರ ದಾರಿಗೆ ಅಡ್ಡವಾಗಬಾರದೆಂದು ಎಡಕ್ಕೆ ಸರಿದೆ. ಬ್ಯಾಂಡೂ ಎಡಕ್ಕೆ ಸರಿಯಿತು. ಬಲಕ್ಕೆ ಸರಿದೆ, ಅದೂ ಬಲಕ್ಕೆ ಬಂತು. ಲಗುಬಗೆಯಿಂದ ನಡೆದೆ; ಅವರು ಓಡುತ್ತ ಬಾರಿಸಿದರು. ತಿರುಗಿ ತಿರುಗಿ ಮದುಮಗನನ್ನು ಹುಡುಕಿದೆ. ಎಲ್ಲೂ ಕಾಣಲಿಲ್ಲ. ಪಾಪ, ಗಿಡ್ಡ ಇರಬೇಕು, ಗದ್ದಲದಲ್ಲಿ ಮುಚ್ಚಿಹೋಗಿದ್ದಾನೆ ಎಂದು ಮರುಗಿದೆ. ರಸ್ತೆಯಲ್ಲಿ ಸಾಲಾಗಿ ಅರಳೆ ಗಾಡಿಗಳು ನಿಂತುಬಿಟ್ಟಿದ್ದವು. ಒಂದು ಗಾಡಿಯ ಅಂಡಿಗೆಯ ಮೇಲೆ ಒಬ್ಬ ರೈತ ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದ. ಬಿಸಿಲಿಗೆ ಅವನ ಮುಖ ಸರಿಯಾಗಿ ಕಾಣಲಿಲ್ಲ. ಚಾಕು ಚೆನ್ನಾಗಿ ಕಾಣಲೆಂದು ಇನ್ನಷ್ಟು ಎತ್ತಿ ಹಿಡಿದೆ.

ಮಕ್ತುಮಸಾಬನ ಅಂಗಡಿ ಹೊಕ್ಕೆ. ಮೆರವಣಿಗೆ ಹೊರಗೆ ನಿಂತು ಬಾರಿಸುತ್ತಲೇ ಇತ್ತು. ಸಾಲೆಗೆ ಹೋಗುವ ದಾರಿಯಲ್ಲಿ ಚನ್ನಯ್ಯ ಮಾಸ್ತರರೂ ಬಂದು ಕೂತಿದ್ದರು. ನನ್ನನ್ನು ನೋಡಿ ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಸಿದ್ದಪ್ಪಾ, ನಮಗರ ಒಂದ ಮಾತ ಹೇಳಬಾರದ?"

"ನಿನ್ನೆ ನೀವ ಅಲ್ಲೇ ಇದ್ರೆಲ್ಲ ಮಾಸ್ತರ, ನಿಮ್ಮ ಮುಂದನ ನನಗಾತು!"

ಮಕ್ತುಮಸಾಬ ಗೋಡೆಗೆ ತೂಗಿದ ಕನ್ನಡಿಯ ತುಂಡು ತೆಗೆದು ನನ್ನ ಮುಖದ ಮುಂದೆ ಹಿಡಿದ.

"ನಾ ಏನೂ ಕೇಳೂದಿಲ್ರಿ ಅಣ್ಣಾರ. ನೀವ ನೋಡಿಕೊಳ್ರಿ."

ನೋಡಿಕೊಂಡೆ. ಕನ್ನಡಿಯಲ್ಲಿ ಮೂವತ್ತೆಂಟು ವರ್ಷದ, ಅರೆನರೆತ ಮೀಸೆಯ ಒಬ್ಬ ಮದುಮಗ ನಿಂತಿದ್ದ. ಮುಖಕ್ಕೆ ಅರಿಷಿಣ, ಕೈಗೆ ಅರಿಷಿಣದ ಕಂಕಣ, ತಲೆಗೆ ಜರಿ ರುಮಾಲು, ಕೊರಳಿಗೆ ಮಾಲೆ, ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಕಟಾರಿ. ನಮ್ಮ ಕಡೆ ಅರಿಷಿಣ ಹಚ್ಚಿಸಿಕೊಂಡ ಮದುಮಗ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೂ ಕೆಟ್ಟ ಕಣ್ಣು ತಾಗದಿರಲೆಂದು ಇಂಥದೇ ಕಟಾರಿಯನ್ನು ಕೈಬಿಡದೆ ಹಿಡಿದು ತಿರುಗುತ್ತಾನೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ನನ್ನ ಮದುವೆಯಲ್ಲಿ ನಾನೂ ಐದು ದಿನ ಹಿಡಿದವನೇ. ಆದರೆ ಆ ಐದು ದಿನಗಳಲ್ಲಿ ನನಗೆ ನೆನಪಿದ್ದದ್ದು, ಆ ಕಟಾರಿಯ ಉಕ್ಕು ಬಹಳ ಕಳಪೆಯಾಗಿತ್ತು ಎಂಬುದೊಂದೇ.

"ಅಲ್ರಿ," ಎಂದು ಯಾಕೂಬಸಾಬ ಬಾಗಿಲಲ್ಲಿ ತಲೆ ಹಾಕಿದ, "ಮಂಟಪ ಎಲ್ಲೈತಿ ಅಂತ ಹೇಳಿಬಿಡ್ರಿ, ಅಲ್ಲಿತನಾ ಬಾರಿಸಿಬಿಡ್ತೇವಿ."

"ಮಂಟಪ ಇಲ್ಲೋ ಮಾರಾಯಾ! ಮದುವಿನೂ ಇಲ್ಲ! ನಾ ಚಾಕು ರಿಪೇರಿಗೆ ಬಂದೇನಿ!"

ಯಾಕೂಬಸಾಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಲವತ್ತ ವರ್ಷ ಬಾಜಾ ಬಾರಿಸೇನ್ರಿ. ಚಾಕುವಿನ ಮೆರವಣಗಿ ಇದ ಮದಲ," ಎಂದು ಹೇಳಿ ತನ್ನ ಮಂದಿಯನ್ನು ಕರೆದುಕೊಂಡು ಹೋದ.

ಆ ಗದ್ದಲ ಇಳಿಯುವ ಹೊತ್ತಿಗೆ ಮಕ್ತುಮಸಾಬ ಚಾಕುವಿನ ಹಿಡಿಕೆ ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಸ್ಪ್ರಿಂಗು ತೆಗೆದು, ಕಾಸಿ, ಬಡಿದು, ಎಣ್ಣೆ ಕುಡಿಸಿ ಮತ್ತೆ ಕೂಡಿಸಿದ್ದ. ಅರ್ಧ ಬಿಚ್ಚಿ ಬೆರಳು ತೆಗೆದ. 'ಟಕ್'. ಅಂಥ 'ಟಕ್' ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ. ಮಾನ ಹೋದದ್ದೆಲ್ಲ ಮರೆತು ಎದ್ದು ನಿಂತೆ. "ಇಂಥಾದ್ದು ಮಾಸ್ತರ ಕಡೆ ಇಲ್ಲ!" ಎಂದೆ. ಮಾಸ್ತರರು, "ಮುಖಾ ತೊಳಕೋ ಸಿದ್ದಪ್ಪಾ," ಎಂದರು.

ಮುಖ ತೊಳೆದರೂ ಅರಿಷಿಣ ಪೂರ್ತಿ ಹೋಗಲಿಲ್ಲ. ಅಂಗಡಿಗೆ ಬಂದರೆ ಧಣಿ ಗಾದಿಯ ಮೇಲಿಂದ ಏಳಲೂ ಇಲ್ಲ, ಕೂಡು ಎನ್ನಲೂ ಇಲ್ಲ.

"ನಿನ್ನ ಹೆಂಡತಿ ಅಣ್ಣ ಉಳವಪ್ಪ ಬಂದಿದ್ದ. ಐದ ಅಂಡಿಗಿ ಅರಳಿ ತಂದಾವ ಒಂದೂ ಇಳಿಸಲಿಲ್ಲ, ಗಾಡಿ ಹಂಗ ತಿರುಗಿಸಿದ. ದುರ್ಗದ ಬೈಲಾಗ ನಿನ್ನ ಮೆರವಣಗಿ ನೋಡಿದ್ನಂತ. 'ಅರಳಿ ಎಳಿ ನೋಡತಾನಂತ, ನನ್ನ ತಂಗಿ ಕಣ್ಣೀರ ನೋಡಾಕ ಅವಗ ಬರೂದಿಲ್ಲ' ಅಂದ. ನಿನ್ನ ಸಂಸಾರ ನೀ ಏನರ ಮಾಡಿಕೊ ಸಿದ್ದಪ್ಪಾ, ನನ್ನ ಅರಳಿ ಹೋತು."

ಅಂಡಿಗೆಯ ಮೇಲೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದವನು ಯಾರೆಂದು ಆಗ ತಿಳಿಯಿತು. ಅವನಿಗಾಗಿ ನಾನು ಚಾಕು ಎತ್ತಿ ಬೇರೆ ಹಿಡಿದಿದ್ದೆ. ಮನೆಗೆ ಓಡಿದೆ. ಕಟ್ಟೆಯ ಮೇಲೆ ಉಡಚವ್ವ ಕಾಯುತ್ತಿದ್ದಳು.

"ಎಲ್ಲಿ ಹೋಗಿದ್ದ್ಯೋ? ಸುಳ್ಳದ ಬೀಗರಿಗೆ ಹೇಳಿ ಕಳಿಸೇನಿ. ನಮಗ ಬಿಟ್ಟ ಬ್ಯಾರೆ ಕಡೆ ಅರಿಷಿಣ ಹಚ್ಚಿಸಿಕೊಂಡಿ ಅಂತ ಅವರು ಸಿಟ್ಟಾಗ್ಯಾರ. ನಾಳೆ ಕೇಳಾಕ ಬರ್ತಾರ."

"ನಾ ಯಾವಾಗ ಮದುವಿ ಮಾಡಿಕೊಳ್ತೇನಿ ಅಂದೇನವ್ವಾ!"

"ಹೂಂ ಅಂದಿದ್ದಿಲ್ಲೇನು? ಸೌತಿಕಾಯಿ ಕೊಯ್ಕೋತ ಹೂಂ ಅಂದಿ. ನಾ ಏನ ಕಿವುಡಿ?"

ಎತ್ತು ಈದಿದೆ ಎಂದರೆ ಕರು ಕಟ್ಟಲು ಹಗ್ಗ ಹುಡುಕುವ ಹೆಂಗಸಿಗೆ ಏನು ಹೇಳುವುದು? ಮಧ್ಯಾಹ್ನದ ಮೋಟಾರು ಹಿಡಿದು ಶಿರಗುಪ್ಪಿಗೆ ಹೊರಟೆ. ಸಾಕ್ಷಿಗೆಂದು ಚಾಕು ಕಿಸೆಯಲ್ಲಿ ಇತ್ತು. ನಿಂಬೆಹಣ್ಣೂ ಇತ್ತು.

ಶಿರಗುಪ್ಪಿಯಲ್ಲಿ ನನ್ನ ಅತ್ತೆ ಮುರಿಗೆವ್ವ ಬಾಗಿಲಲ್ಲಿ ನಿಂತಿದ್ದಳು. ಹದಿನೈದು ವರ್ಷದಲ್ಲಿ ಮೊದಲ ಸಲ ಅವಳು ನನಗೆ ಕಾಲಿಗೆ ನೀರು ಕೊಡಲಿಲ್ಲ. ಅಂಗಳದಲ್ಲಿ ಅರಳೆ ತುಂಬಿದ ಗಾಡಿ ಹಾಗೇ ನಿಂತಿತ್ತು. ಅದರ ಗಾಲಿಗೆ ಆನಿಕೊಂಡು ಉಳವಪ್ಪ ಕೂತಿದ್ದ. ಓಣಿಯ ಮಂದಿ ಗೋಡೆಯ ಮೇಲೆಲ್ಲ ಕೂತಿದ್ದರು. ನನ್ನ ಕಿವಿಯ ಹಿಂದೆ ಉಳಿದ ಹಳದಿಯನ್ನು ಒಬ್ಬಳು ಇನ್ನೊಬ್ಬಳಿಗೆ ತೋರಿಸಿದಳು.

"ಹೊಸಾ ಮದಿಮಗಾ ಬಂದ್ನೇನು? ಹೆಣ್ಣ ಯಾ ಊರಿಂದು?" ಎಂದಳು ಅತ್ತೆ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಉಳವಪ್ಪ ಎದ್ದು ಬಂದ.

"ಮಡಚೂದಿಲ್ಲದ ಚಾಕು, ಅದಕ್ಕ ಲಿಂಬಿಹಣ್ಣ ಚುಚ್ಚಿದ್ದಿ. ಹೌದಿಲ್ಲೋ? ಎಲ್ಲೈತಿ ತೋರಿಸು."

ದೇವರು ಕೈಬಿಡಲಿಲ್ಲ ಎಂದುಕೊಂಡು ಚಾಕು ತೆಗೆದೆ. ಅಲಗು ಬಿಚ್ಚಿ ಎಲ್ಲರಿಗೂ ಕಾಣುವಂತೆ ಹಿಡಿದೆ. "ನೋಡ್ರಿ, ಇದ ಮಡಚೂದ..." ಎನ್ನುವಷ್ಟರಲ್ಲಿ ಬೆರಳು ಜಾರಿತು.

'ಟಕ್'.

ನನ್ನ ನಿರಪರಾಧಿತನಕ್ಕೆ ಇದ್ದ ಒಂದೇ ಸಾಕ್ಷಿಯನ್ನು ನಾನೇ ಮುಂದೆ ನಿಂತು ರಿಪೇರಿ ಮಾಡಿಸಿದ್ದೆ. ಮತ್ತೆ ಬಿಚ್ಚಿದೆ. 'ಟಕ್'. ಒತ್ತಿ ಹಿಡಿದು ಕೆಡಿಸಲು ನೋಡಿದೆ. 'ಟಕ್'. ಕಲ್ಲಿಗೆ ಕುಟ್ಟಿದೆ, ಗಾಲಿಗೆ ಬಡಿದೆ. ಮಕ್ತುಮಸಾಬನ ಕೆಲಸ ಅಲ್ಲಾಡಲಿಲ್ಲ. ಊರಿಗೊಬ್ಬ ಕಳಪೆ ಕೆಲಸಗಾರ ಇರಬೇಕು ಎಂದು ನನಗೆ ಆ ದಿನ ಅನಿಸಿತು.

"ಸಾಕ ಬಿಡ್ರಿ," ಎಂದಿತು ಒಂದು ದನಿ.

ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಬಾಳವ್ವ ನಿಂತಿದ್ದಳು. ತಲೆಗೆ, ಕಿವಿಗೆ ಬಿಗಿಯಾಗಿ ಅರಿವೆ ಕಟ್ಟಿದ್ದಳು. ಕಣ್ಣು ಬಾತಿದ್ದವು.

"ನಿನ್ನೆ ಐತವಾರ ಎಲ್ಲಿದ್ರಿ?"

ಸುಳ್ಳು ಹೇಳಲು ಬಾಯಿ ತೆರೆದೆ. ಅವಳ ಕಣ್ಣು ನೋಡಿ ಬಾಯಿ ಬೇರೆಯೇ ಮಾತಾಡಿತು. "ಲಿಲಾವಿಗೆ ಹೋಗಿದ್ದೆ. ಈ ಚಾಕು ತರಾಕ."

"ಕೂಸಿನ ಮಾರಿ ನೋಡೂದ ಬಿಟ್ಟ?"

"ಹೂಂ."

"ಮೂರನೇದೂ ಹೆಣ್ಣಾತಂತ ಅಲ್ಲ?"

"ಮಾಸ್ತರ ಹೊಂಟಿದ್ರು, ಅದಕ್ಕ."

ಬಾಳವ್ವ ಅಣ್ಣನ ಕಡೆ ತಿರುಗಿದಳು. "ಅಣ್ಣಾ, ಇದ ಖರೇನ ಇರಬೇಕು. ಇಷ್ಟ ನಾಚಿಕಿಗೇಡಿ ಮಾತ ಯಾರೂ ಹುಟ್ಟಿಸಿ ಹೇಳೂದಿಲ್ಲ."

"ಒಂದ ಚಾಕುದಾಗ ಸಮಾಧಾನ ಆಗದಾವ ಒಬ್ಬ ಹೆಂಡ್ತ್ಯಾಗ ಸಮಾಧಾನ ಆಗ್ತಾನೇನವ್ವಾ?" ಎಂದ ಉಳವಪ್ಪ. ಗೋಡೆಯ ಮೇಲಿನವರು ಹೌದೆಂದು ತಲೆ ಆಡಿಸಿದರು. ನನಗೂ ಅದು ನ್ಯಾಯದ ಮಾತೆಂದೇ ತೋರಿತು.

"ತಡಿ," ಎಂದಳು ಬಾಳವ್ವ. ನನ್ನ ಕಡೆ ನೋಡಿ, "ಅದರ ಹೊರತ ಮೈಮ್ಯಾಲ ಎಷ್ಟ ಚಾಕು ಅದಾವ?"

"ಒಂದೂ ಇಲ್ಲ," ಎಂದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡನಂತೆ. ನನ್ನ ಕೈ ರುಮಾಲಿಗೆ ಹೋಯಿತು.

"ತಗೀರಿ."

ರುಮಾಲಿನಿಂದ ಒಂದು ತೆಗೆದೆ. ಅವಳು ಸುಮ್ಮನೆ ನಿಂತಳು. ಒಳ ಅಂಗಿಯ ಕಿಸೆಯಿಂದ ಒಂದು ತೆಗೆದೆ. ಇನ್ನೂ ಸುಮ್ಮನೆ ನಿಂತಳು. ಸೊಂಟದಿಂದ ಒಂದು, ಅಂಗಿಯ ತೋಳಿನ ಮಡಿಕೆಯಿಂದ ಒಂದು. ಎಲ್ಲ ಕಟ್ಟೆಯ ಮೇಲೆ ಸಾಲಾಗಿ ಬಂದವು. ಗೋಡೆಯ ಮೇಲೆ ಯಾರೋ ಕಿಸಕ್ಕೆಂದರು.

"ಇನ್ನ ಮನ್ಯಾಗಿನೂ. ನೀವ ಹೇಳ್ತೀರೋ, ನಾ ಹೇಳ್ಲೋ? ಖಾರ ಕುಟ್ಟೋ ಒಳ್ಳಿನ ಕೆಳಗೊಂದು. ಜ್ವಾಳದ ಗಡಿಗ್ಯಾಗ ಎರಡ. ದೇವರ ಮಾಡದ ಹಿಂದೊಂದು, ದೇವರಿಗೂ ಹೆದರಿಕಿಲ್ಲ. ದೊಡ್ಡಾಕಿ ತೊಟ್ಟಿಲ ಹಾಸಿಗ್ಯಾಗ ಎರಡ. ಒಂದ ರುಮಾಲಿನ್ಯಾಗ, ನಾ ಗಾಡಿ ಹತ್ತೋ ಮುಂದ ನೀವ ಆಣಿ ಮಾಡೋವಾಗ ಇಷ್ಟ ಹೊರಗ ಇಣುಕಿತ್ತು. ಒಟ್ಟ ಹದಿನೆಂಟ. ಇದ ಹತ್ತೊಂಬತ್ತು."

ದೊಡ್ಡವಳ ತೊಟ್ಟಿಲಿನವನ್ನು ನಾನೇ ಮರೆತಿದ್ದೆ.

ಬಾಳವ್ವ ನಗಲಿಕ್ಕೆ ಶುರು ಮಾಡಿದಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಅಣ್ಣಾ, ಇವರಿಗೆ ಒಂದ ಗೇಣ ಚಾಕು ಮುಚ್ಚಿಡಾಕ ಬರೂದಿಲ್ಲ. ಇವರ ಎರಡನೇ ಹೆಂಡ್ತೀನ ಎಲ್ಲೆ ಮುಚ್ಚಿಡ್ತಾರ?"

ಅಂಗಳವೆಲ್ಲ ನಕ್ಕಿತು. ಉಳವಪ್ಪ ನಗಬಾರದೆಂದು ಮೀಸೆ ಕಚ್ಚಿಕೊಂಡು, ಕೊನೆಗೆ ಗಾಡಿಯ ಹಿಂದೆ ಹೋಗಿ ನಕ್ಕ. ಮುರಿಗೆವ್ವ ಒಳಗೆ ಹೋಗಿ ನೀರಿನ ತಂಬಿಗೆ ತಂದು ನನ್ನ ಕಾಲ ಮುಂದೆ ಕುಕ್ಕಿದಳು.

ಆದರೆ ಕಾಲು ತೊಳೆದು ಹೊಸ್ತಿಲ ಹತ್ತಿರ ಹೋದಾಗ ಬಾಳವ್ವನ ನಗು ನಿಂತಿತ್ತು. ಬೇರೆಯವರಿಗೆ ಕೇಳದಂತೆ ಹೇಳಿದಳು: "ನೀವ ನಗ್ತೀರಿ. ನಾ ನಿನ್ನೆ ಇಡೀ ದಿನಾ ಬಾಗಲಾ ನೋಡೇನಿ. ಹೆಣ್ಣಂತ ಬರಲಿಲ್ಲ ಅಂತ ತಿಳದೇನಿ. ಇವತ್ತ ಅಣ್ಣ ಬಂದ ಹೇಳಿದಾಗ ನನಗ ಸುಳ್ಳ ಅಂತ ಒಂದ ಸಲಾನೂ ಅನಿಸಲಿಲ್ಲ ನೋಡ್ರಿ."

ಊರೆಲ್ಲ ನನ್ನನ್ನು ಮದುಮಗನೆಂದು ಮೆರೆಸಿದಾಗ ಆಗದ ನಾಚಿಕೆ ನನಗೆ ಆಗ ಆಯಿತು. "ತಪ್ಪಾತು," ಎಂದೆ. 'ಹೂಂ' ಬಿಟ್ಟರೆ ನನ್ನ ಬಾಳಿನಲ್ಲಿ ನಾನು ಅಷ್ಟು ಗಿಡ್ಡ ಮಾತು ಆಡಿದ್ದಿಲ್ಲ.

"ಅದನ್ನ ಕೊಡ್ರಿ," ಎಂದಳು ಅವಳು ಶೆಫೀಲ್ಡ್ ಚಾಕು ತೋರಿಸಿ. "ಕೂಸಿನ ತಲಿದಿಂಬಿನ ಕೆಳಗ ಇಡಾಕ ಒಂದ ಕಬ್ಬಣ ಬೇಕಾಗೇತಿ. ಅವ್ವ ಕುಡಗೋಲ ಇಟ್ಟಾಳ, ನನಗ ಅದನ್ನ ನೋಡಿದ್ರ ಅಂಜಿಕಿ."

ನಾನು ಚಾಕು ಚಾಚಿದೆ. ಅವಳು ಕೈ ಹಿಂದೆಳೆದುಕೊಂಡಳು. "ಕೈಯಾಗ ಕೊಡಬ್ಯಾಡ್ರಿ, ಜಗಳಾಗತೈತಿ. ನೆಲಕ್ಕಿಡ್ರಿ." ನೆಲಕ್ಕಿಟ್ಟೆ. ಅವಳು ಎತ್ತಿಕೊಂಡಳು. ಒಂದು ದಿನವೂ ಪೂರ್ತಿ ಕಿಸೆಯಲ್ಲಿ ಇರದೆ ಶೆಫೀಲ್ಡ್ ಚಾಕು ಹೀಗೆ ನನ್ನ ಕೈಬಿಟ್ಟಿತು. ನಿಂಬೆಹಣ್ಣನ್ನು ಅತ್ತೆ ಪಾನಕ ಮಾಡಿ ನನಗೇ ಕುಡಿಸಿದಳು.

ಒಳಗೆ ತೊಟ್ಟಿಲಲ್ಲಿ ಕೂಸು ಕಣ್ಣು ಮುಚ್ಚಿ ಮಲಗಿತ್ತು. ಮೊಣಕಾಲು ಎರಡೂ ಮಡಚಿ ಹೊಟ್ಟೆಗೆ ಹಚ್ಚಿಕೊಂಡಿತ್ತು. ನಾನು ಕೂತು ನೋಡಿದೆ. ಕೈ ಸುಮ್ಮನಿರಲಿಲ್ಲ. ಒಂದು ಕಾಲಿನ ಹಿಮ್ಮಡಿಯನ್ನು ಎರಡು ಬೆರಳಿಂದ ಹಿಡಿದು ಮೆಲ್ಲಗೆ ಅರ್ಧ ಬಿಚ್ಚಿದೆ. ಬೆರಳು ತೆಗೆದೆ. ಕಾಲು ಯಾರ ಹಂಗೂ ಇಲ್ಲದೆ ತಾನಾಗಿ ಮತ್ತೆ ಮಡಚಿಕೊಂಡಿತು. ಇನ್ನೊಮ್ಮೆ ಬಿಚ್ಚಿದೆ. ಮತ್ತೆ ಮಡಚಿಕೊಂಡಿತು. ಸದ್ದು ಕೂಡ ಇಲ್ಲ.

"ಏನ ಮಾಡಾಕತ್ತೀರಿ ಕೂಸಿಗೆ?"

"ಸ್ಪ್ರಿಂಗು ನೋಡಾಕತ್ತೇನಿ."

"ಹೆಂಗೈತಿ?"

ನಾನು ಎದ್ದು ನಿಂತೆ. ಹೊರಗೆ ಗೋಡೆಯ ಮೇಲಿನ ಮಂದಿಗೂ ಕೇಳಲೆಂದು ದನಿ ಎತ್ತಿ ಹೇಳಿದೆ:

"ಇಂಥಾದ್ದು ಮಾಸ್ತರ ಕಡೆ ಒಂದೂ ಇಲ್ಲ. ನನ್ನ ಕಡೆ ಮೂರು ಅದಾವ!"